ಮತ್ರಾದಲ್ಲಿ ಬವಳಿ

ರಿಯಾಮ್ ಗುಡ್ಡದ ಮೇಲಿನ ದೊಡ್ಡ ಧೂಪದಾನಿ
ಮೊದಲು ಎಡಕ್ಕೆ ವಾಲಿತು,
ಆಮೇಲೆ ಸಮುದ್ರ.
ನಾನು ನೆಟ್ಟಗೇ ಇದ್ದೇನೆ ಎಂದುಕೊಂಡಿದ್ದೆ.

ಜುಲೈ, ಬೆಳಗಿನ ಐದೂವರೆ,
ಗಾಳಿಯೋ ಹಿಂಡದೆ ಒಣಹಾಕಿದ ಬೆಡ್‌ಶೀಟು.
ನವೆಂಬರಿನಲ್ಲಿ ಕ್ಲಿನಿಕ್ಕಿನವರ ಐದು ಕಿಲೋಮೀಟರ್ ಓಟ,
ಹೆಸರು ಕೊಟ್ಟಿದ್ದೆ, ಬಿಟ್ಟಿ ಟೀಶರ್ಟಿನ ಆಸೆಗೆ,
ಸೊಂಟ ಕರಗೀತೆಂಬ ಇನ್ನೊಂದು ಆಸೆಗೆ.
ಮೀನು ಮಾರ್ಕೆಟ್ಟಿನಿಂದ ಹೊರಟು ನೀಲಿ ಕಟಕಟೆಯುದ್ದಕ್ಕೂ ಓಡಿ
ಹಡಗುಗಳ ದೀಪ ಎಣಿಸುತ್ತಿದ್ದವಳಿಗೆ
ಕಿವಿಯಲ್ಲಿ ಕುಕ್ಕರು ಕೂಗುವ ಮೊದಲಿನ ಸುಂಯ್,
ಬಾಯಲ್ಲಿ ಹಳೇ ನಾಣ್ಯದ ರುಚಿ,
ಮೊಣಕಾಲು ಬೇರೆ ಯಾರದೋ.
ಕತ್ತಲು ಅಂಚಿನಿಂದ ಒಳಗೆ ಬಂತು,
ಕಾವಲಿಯ ಮೇಲೆ ದೋಸೆ ಕಂದುವ ಹಾಗೆ.

ಎಚ್ಚರವಾದಾಗ ನನ್ನ ಎರಡೂ ಕಾಲು
ಕಸದ ಗಾಡಿಯ ಮೇಲೆ.
ಮೊಫಿಜುಲ್ ಎತ್ತಿ ಇಟ್ಟಿದ್ದ.
ಹೊಳೆವ ಪಟ್ಟಿಯ ಅಂಗಿ, ಬಾರಿಸಾಲ್ ಕಡೆಯವನು,
ಇಷ್ಟು ದಿನ ಅವನ ಹೆಸರು ಕೇಳಿರಲಿಲ್ಲ ನಾನು,
ಅವನ ಪೊರಕೆಗೆ ಅಡ್ಡ ಬಂದಾಗ 'ಸಾರಿ' ಅಂದದ್ದಷ್ಟೆ.
ಜೇಬಿನಿಂದ ಕಾಗದದ ಪೊಟ್ಟಣ ತೆಗೆದ,
ಒಂದು ಚಿಟಿಕೆ ಉಪ್ಪು ನನ್ನ ಬಾಟಲಿಗೆ ಹಾಕಿ ಕುಲುಕಿದ.
"ಬರೀ ನೀರು ಕುಡಿದರೆ ಆಗಲ್ಲ, ಆಪಾ."

ಉಪ್ಪು ತಿಂದವನು ನೀರು ಕುಡಿಯಲೇಬೇಕು,
ಅಜ್ಜಿ ಕದ್ದವರ ಬಗ್ಗೆ ಹೇಳುತ್ತಿದ್ದ ಮಾತು.
ನೀರು ಕುಡಿದವಳು ಉಪ್ಪು ತಿನ್ನಲೇಬೇಕೆಂದು
ಯಾರೂ ಹೇಳಿರಲಿಲ್ಲ.

ತಮಾಷೆಯೆಂದರೆ ನನ್ನ ಕೆಲಸವೇ ರಕ್ತ ತೆಗೆಯುವುದು.
ರೂವಿಯಲ್ಲಿ ಹನ್ನೊಂದು ವರ್ಷ. "ಮುಷ್ಟಿ ಬಿಗಿ ಮಾಡಿ,
ಇರುವೆ ಕಚ್ಚಿದ ಹಾಗೆ" ಎಂದು ಐದು ಭಾಷೆಯಲ್ಲಿ ಹೇಳಬಲ್ಲೆ.
ತಲೆ ಸುತ್ತು ಯಾಕೆ ಸಿಸ್ಟರ್ ಎಂದರೆ
ಡಾಕ್ಟರನ್ನು ಕೇಳಿ ಎನ್ನುತ್ತೇನೆ.
ಈಗ ಬೆಂಚಿನ ಮೇಲೆ ಕೂತು ನನ್ನನ್ನು ನಾನೇ ಕೇಳಿಕೊಂಡೆ.

ರಾತ್ರಿ ಡ್ಯೂಟಿ. ನಿದ್ದೆ ಇಲ್ಲ.
ಹೊಟ್ಟೆಯಲ್ಲಿ ಎರಡು ಬಿಸ್ಕತ್ತು.
ಊಟವಾದ ಕೂಡಲೇ ಚಹಾ, ಒಂದಲ್ಲ, ಬೀನಾಮೋಳ್ ಮಾಡಿದ್ದಾಳೆ ಅಂತ ಇನ್ನೊಂದು,
ಬಸಳೆಯ ಕಬ್ಬಿಣವನ್ನೆಲ್ಲ ಅದೇ ಕುಡಿಯುತ್ತದೆ ಎಂದು
ಗರ್ಭಿಣಿಯರಿಗೆ ನಾನೇ ಹೇಳಿದ್ದು ಮರೆತು.
ತಿಂಗಳಿಗೆ ಒಂಬತ್ತು ದಿನ ಹೋಗುವುದು. ಎಲ್ಲರಿಗೂ ಹಾಗೇ, ಅಂದುಕೊಂಡದ್ದು.
ಒಮ್ಮೆಲೇ ನಿಂತುಬಿಟ್ಟದ್ದೂ ಇರಬಹುದು,
ಕಾಲಿಗಿಳಿದ ರಕ್ತ ತಲೆಗೆ ಹತ್ತಲು ಪುರುಸೊತ್ತು ಬೇಕಲ್ಲ.

ಒಂದು ಕಾರಣ ಮಾತ್ರ ನಾಲಿಗೆಗೆ ಬರಲಿಲ್ಲ.
ಶಿರ್ವದ ಮೈದಾನದಲ್ಲಿ ಅಪ್ಪ
ವಾಲಿಬಾಲ್ ಸರ್ವ್ ಮಾಡಲು ಕೈಯೆತ್ತಿದವರು
"ಒಂಚೂರು ತಲೆ ತಿರುಗ್ತದೆ" ಎಂದು ಗೆರೆಯ ಮೇಲೆ ಕೂತರು.
ಐವತ್ತೊಂದು.
ಚೆಂಡು ಉರುಳಿ ಚರಂಡಿಗೆ ಹೋಯಿತು,
ಅದನ್ನು ತರಲು ನಾನು ಓಡಿದ್ದೆ.

ಅವತ್ತು ಶಿಫ್ಟು ಮುಗಿಯುವ ಮೊದಲು
ನನ್ನ ತೋಳಿಗೆ ನಾನೇ ರಬ್ಬರು ಕಟ್ಟಿದೆ,
ತುದಿಯನ್ನು ಹಲ್ಲಿನಲ್ಲಿ ಹಿಡಿದು.
ಎಂಟು ಪಾಯಿಂಟ್ ನಾಲ್ಕು.
ಎದೆಗೆ ತಂತಿ ಹಚ್ಚಿದರು, ಪಟ್ಟಿ ಸರಿದು ಬಂತು,
ಎರಡು ಸಲ ಓದಿದೆ, ಡಾಕ್ಟರ್ ಓದುವ ತನಕ ಉಸಿರು ಬಿಡಲಿಲ್ಲ.
"ಹೃದಯ ಸದ್ಯಕ್ಕೆ ಸರಿ ಇದೆ, ಅಪೊಲಿನ್. ಆದರೂ ಒಂದು ಎಕೋ ಮಾಡಿಸೋಣ.
ಇಷ್ಟು ಕಡಿಮೆ ರಕ್ತದಲ್ಲಿ ಓಡುತ್ತಿದ್ದಿರಾ?"

ಈಗ ಓಟವಿಲ್ಲ. ಮೂರು ತಿಂಗಳು ಕಬ್ಬಿಣದ ಗುಳಿಗೆ,
ಗುಳಿಗೆಯ ಮೇಲೆ ಲಿಂಬೆಹಣ್ಣು, ನಡಿಗೆ ಮಾತ್ರ.
ಮೊಫಿಜುಲ್‌ನ ಪೊರಕೆ ನನಗಿಂತ ಮುಂದೆ ಹೋಗುತ್ತದೆ.
ಬಿಸಿಲು ಕೋಟೆಯ ಗೋಡೆ ಇಳಿದು ಬಂದ ಮೇಲೂ
ಅವನಿಗೆ ಐದು ಗಂಟೆ ಬಾಕಿ.
ಅವನಿಗೂ ತಲೆ ಸುತ್ತುತ್ತದೆ,
ಅದಕ್ಕೆ ವ್ಯಾಯಾಮ ಎಂಬ ಹೆಸರಿಲ್ಲ.

ಒಂದು ದಿನ ಬಂದು ಹೋಗು, ರಕ್ತ ನೋಡೋಣ ಅಂದೆ.
ರಜೆ ಯಾವಾಗ ಆಪಾ, ಎಂದು ನಕ್ಕ.
ನಿನ್ನೆ ಕಟಕಟೆ ಹಿಡಿದು ಸ್ವಲ್ಪ ಹೊತ್ತು ನಿಂತ,
ಕಣ್ಣು ಮುಚ್ಚಿ.
ಏನಾಯಿತು?
"ಏನಿಲ್ಲ."

ಆ 'ಏನಿಲ್ಲ' ನನಗೆ ಗೊತ್ತು.
ಬಾಟಲಿಯ ಮುಚ್ಚಳ ತೆಗೆದೆ,
ಪೊಟ್ಟಣ ಈ ಸಲ ನನ್ನ ಜೇಬಿನಲ್ಲಿತ್ತು.